ಕಣ್ಣು ತೆರೆಯುವವರೆಗೆ

ದಾನೇಶ್ವರಿ ಸುರಕ್ಷತೆಯ ನಿಯಮ ಓದತೊಡಗಿದರೆ ಇಡೀ ಶಿಫ್ಟು ಆಕಳಿಸುತ್ತಿತ್ತು. ಡೊಂಬಿವಲಿಯ ಆ ಪೇಂಟ್ ಕಾರ್ಖಾನೆಯಲ್ಲಿ ಅವಳು ಶಿಫ್ಟ್ ಇನ್‌ಚಾರ್ಜ್ ಆಗಿ ತಿಂಗಳಾಗಿತ್ತಷ್ಟೆ. ದಿನಾ ಹೇಳಿದರೂ ಅವಳು ಬೆನ್ನು ತಿರುಗಿಸಿದೊಡನೆ ಸೇಫ್ಟಿ ಕನ್ನಡಕಗಳೆಲ್ಲ ಹಣೆಗೇರುತ್ತಿದ್ದವು. ಯಾರದಾದರೂ ಕಣ್ಣು ಹೋದರೆ? ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

“ಸ್ಟೇಷನ್ ಅನೌನ್ಸ್‌ಮೆಂಟ್ ಕೇಳಿದಂಗಾತು ನೋಡ್ರಿ,” ಎಂದ ಮೆಂಟೆನೆನ್ಸ್ ಇಂಜಿನಿಯರ್ ದಿಲೀಪ, ಕ್ಯಾಂಟೀನಿನಲ್ಲಿ. ತುಟಿ ಬಿಗಿಹಿಡಿದಿದ್ದರೂ ಕಣ್ಣಲ್ಲಿ ನಗು ತುಳುಕುತ್ತಿತ್ತು.

“ಅಷ್ಟ್ ಗೊತ್ತಿದ್ರ ಹೆಂಗ ಹೇಳೋದಂತ ನೀವ ಕಲಿಸ್ರಿ!”

“ಕಲಿಸ್ತೀನಿ. ಫೀಸು ಒಂದು ಕಟಿಂಗ್, ಅರ್ಧ ಗ್ಲಾಸ್ ಚಹಾ.”

ಅಂದಿನಿಂದ ಅವಳು ಕಲ್ಯಾಣದ ಲೋಕಲ್ ರೈಲಿಗೆ ಕಾಯುವ ಪ್ಲಾಟ್‌ಫಾರ್ಮೇ ಪಾಠಶಾಲೆಯಾಯಿತು.

“ಒಂದೂರಾಗ ಒಬ್ಬ ಕೆಲಸಗಾರ ಇದ್ದ...” ಎಂದು ಅವಳು ಶುರು ಮಾಡಿದಳು.

“ಆ ಊರಾಗ ನೀವಿದ್ರೇನು?”

“ಇಲ್ಲ.”

“ಮತ್ತ ನಾವ್ಯಾಕ ಬರೋಣು? ನಿಮ್ಮ ಕೈ ನಡುಗಿದ್ದು ಹೇಳ್ರಿ. ನೀತಿ ಕೇಳೋರಿಗೇ ಬಿಡ್ರಿ.”

ಹಾಗೆಂದು ಅವನು ನೋಡಿದ ನೋಟದಲ್ಲಿ ಒಂದು ಲೋಕಲ್ ಬಂದು ಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಶಿಫ್ಟಿನವರ ಮುಂದೆ ಅವಳು ಕೈಯಲ್ಲಿ ಕಾಗದ ಹಿಡಿಯಲೇ ಇಲ್ಲ.

“ದೀಪಾವಳಿ ಮುಂಚೆ ಒಬ್ಬರು ಮಿಕ್ಸರ್ ರಿಪೇರಿ ಮಾಡಾಕತ್ತಿದ್ರು. ಕನ್ನಡಕ ಹಣಿ ಮ್ಯಾಲಿತ್ತು. ಥಿನ್ನರ್ ಕಣ್ಣಿಗೆ ಸಿಡೀತು. ನಳದ ಕೆಳಗ ಕುಂಡ್ರಿಸಿ ನಾನ ನೀರು ಹಾಕಿದೆ. ‘ಯಾರು?’ ಅಂತ ಕೇಳಿದ್ರು. ನನ್ನ ಹೆಸರ ನನ್ನ ಬಾಯಾಗ ಬರಲಿಲ್ಲ. ಈ ಕಣ್ಣು ತೆರೀಲಿಲ್ಲಂದ್ರ... ನಾಳಿಂದ ನನ್ನ ನೋಡಿ ನಗೋರು ಯಾರು ಅಂತ...”

ಅವಳು ಗಕ್ಕನೆ ಮಾತು ನಿಲ್ಲಿಸಿದಳು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಅಲ್ಲಿ ದಿಲೀಪ ಕಂಬಕ್ಕೊರಗಿ ನಿಂತಿದ್ದ. ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ.

ಎಲ್ಲರಿಗಿಂತ ಹಿರಿಯನಾದ ಮಾನಪ್ಪ ಮೆಲ್ಲನೆ ಹಣೆಯ ಕನ್ನಡಕವನ್ನು ಕಣ್ಣಿಗಿಳಿಸಿದ. ಒಬ್ಬೊಬ್ಬರಾಗಿ ಉಳಿದವರೂ ಇಳಿಸಿದರು.

“ನಿಲ್ಲಸಬ್ಯಾಡವ್ವ. ಮುಂದ?” ಎಂದ ಮಾನಪ್ಪ.

“ಮುಂದ... ಕಣ್ಣು ತೆರದ್ರು. ಕೆಲಸಕ್ಕ ನಡೀರಿ!”

ನಗುವಿನ ಅಲೆ ಎದ್ದಿತು. ಅವಳು ಕೆಂಪೇರಿದ ಮುಖ ಹೊತ್ತು ಸ್ಟೋರ್ ರೂಮಿನತ್ತ ಓಡಿದಳು. ದಿಲೀಪ ಹಿಂದೆಯೇ ಬಂದ.

“ಅವತ್ತು ‘ಯಾರು’ ಅಂತ ಸುಮ್ನ ಕೇಳಿದ್ದೆ. ನಿಮ್ಮ ಕೈ ಮುಟ್ಟಿದಾಗನ ಗೊತ್ತಾಗಿತ್ತು. ನಿಮ್ಮ ದನಿ ಕೇಳಬೇಕಿತ್ತು, ಅಷ್ಟ.”

ಅವಳು ತಿರುಗಿ ಅವನನ್ನೇ ನೋಡಿದಳು.

“ಹಂಗಾರ ರವಿವಾರ ಮನಿಗೆ ಬರ್ರಿ. ನಮ್ಮ ಅವ್ವಗ ಹೇಳ್ರಿ.”

ಮಾತಿನಮಲ್ಲ ದಿಲೀಪ ತಡವರಿಸಿದ. “ಅವ್ವಾರಿಗೆ... ಏನಂತ ಹೇಳ್ಲಿ?”

“ಅದನ್ನ ನಾ ಕಲಿಸ್ತೀನಿ,” ಎಂದು ದಾನೇಶ್ವರಿ ಅವನ ಬೆರಳು ಹಿಡಿದಳು.