ಅವಳು ಕತ್ತರಿಸಿದ ಕೊನೆಯ ಸಾಲು

"ನಮ್ಮಪ್ಪನ್ನ ನೆಮ್ಮದಿಯಾಗಿ ಸಾಯೋಕೂ ಬಿಡ್ಲಿಲ್ವಲ್ರೀ ನೀವು!"

ಅವಳೊಂದಿಗೆ ನಾನಾಡಿದ ಮೊದಲ ಮಾತು ಇದು. ವಾರಪತ್ರಿಕೆಯ ಆಫೀಸು, ಮಟಮಟ ಮಧ್ಯಾಹ್ನ, ನನ್ನ ಮುಷ್ಟಿಯಲ್ಲಿ ಮುದುರಿದ ಪತ್ರಿಕೆ. ಅದರ ಕಿರುಬರಹದ ಪುಟದಲ್ಲಿ ನನ್ನದೊಂದು ಬರಹ ಮೊದಲ ಸಲ ಅಚ್ಚಾಗಿತ್ತು. ಕೊನೆಯ ಸಾಲು ಮಾತ್ರ ಮಾಯ.

ಆ ಪುಟ ನೋಡಿಕೊಳ್ಳುವವಳು ತಲೆಯೆತ್ತಿದಳು. ಹೆದರಲಿಲ್ಲ. ಅದಕ್ಕೇ ನನ್ನ ಮೈ ಇನ್ನಷ್ಟು ಉರಿಯಿತು. ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು, ಹೆಸರು ಗೊತ್ತಿಲ್ಲದ ಹಕ್ಕಿಯೊಂದು ಕಿಟಕಿಗೆ ಬಂದು ಕೂತಿದೆಯೇನೋ ಎಂಬಂತೆ ನನ್ನನ್ನೇ ನೋಡಿದಳು.

"ನೀವು... ಸೋಫಾ ರಿಪೇರಿಯವರ ಮಗ?"

"ಮಗನೂ ಹೌದು, ಈಗ ರಿಪೇರಿಯವನೂ ನಾನೇ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಇವನಿಗೇನು ಗೊತ್ತಾಗುತ್ತೆ ಅಂತ ಕತ್ತರಿ ಹಾಕಿದ್ರಾ?"

"ಕೂತ್ಕೊಳ್ಳಿ."

"ಕೂರಲ್ಲ."

"ನಂಗೂ ಕೂರೋಕಾಗ್ತಿಲ್ಲ ಬಿಡಿ" ಎಂದು ಎದ್ದಳು. ಅವಳ ಮರದ ಕುರ್ಚಿಯ ಸೀಟು ಹರಿದು ಸ್ಪ್ರಿಂಗ್ ಹೊರಗೆ ಇಣುಕುತ್ತಿತ್ತು. ಅಷ್ಟು ಕೋಪದಲ್ಲೂ ನನ್ನ ಕಣ್ಣು ಅಲ್ಲಿಗೇ ಹೋಯಿತು. ಕಸುಬಿನ ಚಟ.

ನಾನು ಬರೆದದ್ದು ಇಷ್ಟೇ. ಕುರ್ಚಿಗೆ ಬಟ್ಟೆ ಬಡಿಯುವಾಗ ಅಪ್ಪ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಆ ಗೊಣಗೊಣ ನನಗೂ ಅಕ್ಕನಿಗೂ ಬಿಟ್ಟು ಇನ್ಯಾರಿಗೂ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಬಾಯಲ್ಲಿ ಮೊಳೆಯಿಲ್ಲದೆ ಮಾತಾಡಿದರು. ಒಂದೊಂದು ಅಕ್ಷರವೂ ಸ್ಪಷ್ಟ. ನಮ್ಮಿಬ್ಬರಿಗೂ ಏನೂ ಅರ್ಥವಾಗಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದಳು. ಅದರ ಕೆಳಗೆ ನಾನು ಇಡೀ ಸಂಜೆ ಕೂತು ಹೊಸೆದ ಸಾಲೊಂದಿತ್ತು: 'ಹೀಗೆ ನನ್ನ ಪ್ರೀತಿಯ ತಂದೆ ನಮ್ಮನ್ನಗಲಿದರು, ತಂದೆಯ ಪ್ರೀತಿಗೆ ಬೆಲೆ ಕಟ್ಟಲಾದೀತೇ?'

"ಅದು ನಿಮ್ಮ ಸಾಲಲ್ಲ, ಎಲ್ಲರ ಸಾಲು" ಎಂದಳು. "ಅದರ ಮೇಲಿದ್ದದ್ದೆಲ್ಲ ನಿಮ್ದು. ಮೊಳೆ ಕಚ್ಕೊಂಡು ಮಾತಾಡೋ ಅಪ್ಪ ಇನ್ಯಾರಿಗಿದ್ರು ಹೇಳಿ?"

"ಅಪ್ಪ ಹೋದ್ರು ಅಂತ ಓದೋರಿಗೆ ಗೊತ್ತಾಗೋದು ಬೇಡ್ವಾ?"

"ಗೊತ್ತಾಗಿದೆ. ಬೇಕಾದ್ರೆ ಮನೇಲಿ ಗಟ್ಟಿಯಾಗಿ ಓದಿ, ಕೇಳೋರ ಮುಖ ನೋಡ್ಕೊಂಡು. ನಿಮ್ ಸಾಲೇ ಸರಿ ಅನ್ಸಿದ್ರೆ, ನಂದೇ ತಪ್ಪು ಅಂತ ಮುಂದಿನ ವಾರ ಅಚ್ಚು ಹಾಕ್ತೀನಿ."

ಅಕ್ಕನಿಗೆ ಓದಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಶನ್ ಕವರ್ ಹೊಲಿಯುವವಳು ಅವಳು. ದೇವರೇ ಎದುರಿಗೆ ಬಂದರೂ ಹೊಲಿಗೆ ಮಷಿನ್ನಿನಿಂದ ಕಾಲು ತೆಗೆಯುವವಳಲ್ಲ. 'ಏನೂ ಅರ್ಥವಾಗಲಿಲ್ಲ' ಎಂದಾಗ ಮಷಿನ್ ನಿಂತಿತು. ನನ್ನ ಕೊನೆಯ ಸಾಲು ಓದಿದೆ. ಮತ್ತೆ ಕಟಕಟ ಶುರುವಾಯಿತು.

"ಆ ಬೆಲೆ ಕಟ್ಟೋದೆಲ್ಲ ಯಾಕೋ, ಸಿಡುಕ?" ಎಂದು ಮೂಗು ಒರೆಸಿಕೊಂಡಳು. "ಚೆನ್ನಾಗಿ ಅಳ್ತಿದ್ದೆ, ಹಾಳು ಮಾಡ್ದೆ."

ಸೋತಾಗಲೆಲ್ಲ ನನಗೆ ಕೋಪ ಬರುತ್ತಿತ್ತು. ಈ ಸಲ ಕುತೂಹಲ ಬಂತು. ಮುಖವನ್ನೇ ನೋಡಿರದ ನಮ್ಮಕ್ಕ ಎಲ್ಲಿ ಅಳುತ್ತಾಳೆಂದು ಆ ಪತ್ರಿಕೆಯವಳಿಗೆ ಹೇಗೆ ತಿಳಿಯಿತು? ಅವಳಿಗೆ ಇನ್ನೂ ಏನೇನು ಗೊತ್ತು?

ಕೇಳಲೆಂದೇ ಮತ್ತೆ ಆಫೀಸಿಗೆ ಹೋದೆ. ಹೋಗಿ, "ಆ ಕುರ್ಚಿ ಕೊಡಿ, ಸರಿ ಮಾಡ್ಕೊಡ್ತೀನಿ" ಎಂದುಬಿಟ್ಟೆ.

ಅಲ್ಲಿಂದಾಚೆ ಊಟದ ಬಿಡುವಿನಲ್ಲಿ "ಕುರ್ಚಿ ಆಯ್ತಾ?" ಎನ್ನುತ್ತ ಅವಳೇ ಅಂಗಡಿಗೆ ಬರತೊಡಗಿದಳು. ಫೋಮಿನ ರಾಶಿಯ ಮೇಲೆ ಕೂತು ನಾನು ಬರೆದ ಹಾಳೆ ಓದುತ್ತಿದ್ದಳು. ಓದುವಾಗ ಕೆಳತುಟಿ ಕಚ್ಚುತ್ತಿದ್ದಳು. ಹಿಡಿಸಿದ ಸಾಲು ಬಂದಾಗ ಮಾತ್ರ ಬಿಡುತ್ತಿದ್ದಳು. ನಾನು ಸುತ್ತಿಗೆ ಹಿಡಿದು ಆ ತುಟಿಯನ್ನೇ ಕಾಯುತ್ತಿದ್ದೆ. ಒಂದೆರಡು ಸಲ ಹೆಬ್ಬೆರಳನ್ನೂ ಬಡಿದುಕೊಂಡೆ.

"ಈ ಕಥೇಲಿ ಜಗಳ ಆಗಿದ್ದು ಸಂಜೆ ತಾನೇ? ಬೆಳಗಾಗೋದ್ರಿಂದ ಯಾಕೆ ಶುರು ಮಾಡಿದ್ರಿ? ಸೀದಾ ಜಗಳದ ಮಧ್ಯಕ್ಕೇ ಕರ್ಕೊಂಡು ಹೋಗಿ, ಸಿಡುಕಪ್ಪನೋರೇ. ಒಂದು ಹಾಳೆ ಕಥೇಲಿ ಹಲ್ಲುಜ್ಜೋಕೆ ಜಾಗ ಇರಲ್ಲ."

ಅಕ್ಕ ಕರೆಯುವ ಹೆಸರು ಇವಳ ಕಿವಿಗೂ ಬಿದ್ದಿತ್ತು. ಒಳಗಿನಿಂದ ಕಿಸಕ್ಕನೆ ನಗು.

"ಇಲ್ಲಿ 'ಬಡತನ' ಅಂತ ಬರ್ದಿದೀರಲ್ಲ, ತೆಗೀರಿ. ಮೊನ್ನೆ ಹೇಳಿದ್ರಲ್ಲ, ಅಕ್ಕ ತಮ್ಮ ಇಬ್ರಿಗೂ ಒಂದೇ ಜೊತೆ ಚಪ್ಪಲಿ, ಒಬ್ರು ಹೊರಗೆ ಹೋದ್ರೆ ಇನ್ನೊಬ್ರು ಒಳಗೆ ಅಂತ? ಆ ಚಪ್ಪಲಿ ಬರೀರಿ, ಸಾಕು."

ಒಂದು ದಿನ ಹಾಳೆ ಕೆಳಗಿಟ್ಟು ನನ್ನತ್ತ ತಿರುಗಿದಳು.

"ಮಾತಲ್ಲಿ ಬೆಂಕಿ ಕಾರ್ತೀರ. ಬರೆಯೋವಾಗ ಸಾಲಿಗೊಂದು 'ಬಹುಶಃ', ಸಾಲಿಗೊಂದು 'ಅನ್ಸುತ್ತೆ'. ಸ್ವಂತ ಮನೆ ಬಾಗ್ಲಲ್ಲಿ ನಿಂತು ಒಳಗೆ ಬರ್ಲಾ ಅಂತ ಕೇಳ್ದಂಗಿದೆ. ಯಾರಿಗೆ ಹೆದರ್ತೀರ?"

"ನಂಗ್ಯಾರ ಹೆದ್ರಿಕೆ! ಓದಿದೋರು ತಪ್ಪು ಹುಡುಕೋಕೆ ಕಾಯ್ತಿರ್ತಾರೆ. ನಾನೇ ಮೊದ್ಲು 'ಬಹುಶಃ' ಅಂದ್ಬಿಟ್ರೆ ಅವ್ರ ಬಾಯಿ ಬಂದ್."

"ನಾನೂ ಕಾಯ್ತಿದೀನಿ" ಎಂದು ಎದ್ದಳು. "ತಪ್ಪು ಹುಡುಕೋಕಲ್ಲ."

ಮತ್ತೆ ಯಾತಕ್ಕೆ ಎಂದು ಕೇಳುವಷ್ಟರಲ್ಲಿ ರಸ್ತೆ ದಾಟಿಬಿಟ್ಟಿದ್ದಳು.

ಕುರ್ಚಿ ಮಾತ್ರ ಮುಗಿಯುತ್ತಿರಲಿಲ್ಲ. ಬಟ್ಟೆ ಸುಕ್ಕಾಗಿದೆ, ಸ್ಪ್ರಿಂಗ್ ಕಿರ್ರೆನ್ನುತ್ತದೆ, ಹೀಗೆ ಕುಂಟು ನೆಪ ತೆಗೆದು ಬಿಚ್ಚಿದ್ದನ್ನೇ ಬಿಚ್ಚುತ್ತಿದ್ದೆ. ಅದು ಮುಗಿದರೆ ಅವಳು ಬರುವುದೂ ಮುಗಿಯುತ್ತದಲ್ಲ! ಬೇರೆ ಯಾವ ನೆಪವೂ ನನ್ನಲ್ಲಿರಲಿಲ್ಲ.

ಒಂದು ಬೆಳಿಗ್ಗೆ ಫೋಮ್ ತರಲು ಹೋಗಿ ಬರುವಷ್ಟರಲ್ಲಿ ಕುರ್ಚಿ ನೀಲಿ ಬಟ್ಟೆ ಹೊದ್ದು ನಿಂತಿತ್ತು.

"ನಾನೇ ಬಡಿದೆ" ಎಂದಳು ಅಕ್ಕ. "ಸಿಂಹಾಸನಕ್ಕೂ ಇಷ್ಟು ಹೊತ್ತು ಹಿಡಿಯಲ್ಲ ಕಣೋ. ಹಿಂದಿನ ಅಂಚೊಂದು ಉಳ್ಸಿದೀನಿ. ಅದನ್ನ ಬಡಿಯೋದ್ರೊಳಗೆ ಅವಳಿಗೆ ಹೇಳೋದಿದ್ರೆ ಹೇಳು. ಇಲ್ಲಾಂದ್ರೆ ಅವಳು ಕುರ್ಚಿ ತಗೊಂಡು ಹೋಗ್ತಾಳೆ, ನೀನು ಇಂಗು ತಿಂದ ಮಂಗನ ಹಾಗೆ ಕೂತಿರು."

ಮಧ್ಯಾಹ್ನ ಅವಳು ಬಂದಳು. ಕುರ್ಚಿ ನೋಡಿದಳು.

"ಓ. ಆಗೇ ಹೋಯ್ತಾ?"

ಆ 'ಓ' ಅವಳ ಬಾಯಿಂದ ತೀರ ಸಣ್ಣಗೆ ಬಂತು. ಬಾಯ್ತುಂಬ ಮೊಳೆ ಕಚ್ಚಿಕೊಂಡು ಕುರ್ಚಿಯ ಬೆನ್ನಿಗೆ ಬಗ್ಗಿದೆ.

"ಇವತ್ತು ಏನೂ ಬರ್ದಿಲ್ವಾ?"

ಅವಳಿಗೆ ಹೇಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ, ಮೊಳೆಗಳ ಸಂದಿನಿಂದಲೇ ಮನಸ್ಸಿನಲ್ಲಿದ್ದದ್ದೆಲ್ಲ ಗೊಣಗಿಬಿಟ್ಟೆ.

ಒಳಗೆ ಮಷಿನ್ ನಿಂತಿತು.

ಅವಳು ಹಿಂದಿನ ಕೋಣೆಯತ್ತ ನೋಡಿದಳು, ನನ್ನತ್ತ ನೋಡಿದಳು.

"ನಿಮ್ಮಕ್ಕನಿಗೆ ಅರ್ಥ ಆಯ್ತು. ನಂಗೆ ಆಗ್ಲಿಲ್ಲ." ನನ್ನ ಗದ್ದದ ಕೆಳಗೆ ಅಂಗೈ ಚಾಚಿದಳು. "ಮೊಳೆ ಇಲ್ಲಿ ಹಾಕಿ. ಹಾಕಿ ಹೇಳಿ."

ಒಂದೊಂದಾಗಿ ಅವಳ ಅಂಗೈಗೆ ಉಗುಳಿದೆ. ಬಾಯಿ ಬರಿದಾಯಿತು. ಅಪ್ಪನಿಗೆ ಅಂದು ಹೀಗೇ ಆಗಿತ್ತೇನೋ.

"ಬಹುಶಃ... ನಂಗೆ ನೀವಂದ್ರೆ ಇಷ್ಟ ಅನ್ಸುತ್ತೆ."

ಅವಳು ಕೆಳತುಟಿ ಕಚ್ಚಿಕೊಂಡಳು. "ಎರಡು ಪದ ಹೆಚ್ಚಾಯ್ತು."

"ಇದಕ್ಕೂ ಕತ್ತರಿನಾ?" ಎಂದು ರೇಗಿದೆ.

"ಇದಕ್ಕೇ ಮೊದ್ಲು. ಈಗ ಗಟ್ಟಿಯಾಗಿ ಓದಿ. ಕೇಳೋರ ಮುಖ ನೋಡ್ಕೊಂಡು."

ನೋಡಿದೆ. ಮುಷ್ಟಿಯಲ್ಲಿ ನನ್ನ ಮೊಳೆಗಳನ್ನು ಬಿಗಿಯಾಗಿ ಹಿಡಿದಿದ್ದಳು.

"ನಂಗೆ ನೀವಂದ್ರೆ ಇಷ್ಟ."

ಕಚ್ಚಿದ್ದ ತುಟಿಯನ್ನು ಅವಳು ಮೆಲ್ಲಗೆ ಬಿಟ್ಟಳು.