ಬಲದಿಂದ ಬರೆಯುವ ಮೇಷ್ಟ್ರು

ಅಕ್ಕಯ್ಯಮ್ಮನ ಮನೆಯಲ್ಲಿ ಗಂಡಸರಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಆಕೆ, ಮಗಳು ಅನಸೂಯ ಇಬ್ಬರೇ ಶಿಡ್ಲಘಟ್ಟದಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. 1957ರಲ್ಲಿ ಬೀದಿಕಡೆಯ ಕೋಣೆಯನ್ನು ಹೈಸ್ಕೂಲಿನ ಕನ್ನಡ ಮೇಷ್ಟ್ರು ಚಲಪತಿಗೆ ಬಾಡಿಗೆಗೆ ಕೊಟ್ಟರು.

ಮರುದಿನವೇ ಅನಸೂಯ ಅವನನ್ನು ಜಗಲಿಯಲ್ಲಿ ಹಿಡಿದಳು. ಸ್ಲೇಟಿನ ಮೇಲೆ ಬಲದಿಂದ ಎಡಕ್ಕೆ ಏನೋ ಬರೆಯುತ್ತಿದ್ದ. ಅಕ್ಷರಗಳ ಕೆಳಗೆ ಚುಕ್ಕಿ, ಗೆರೆ. ಗಂಟಲೊಳಗೆ ಖರಖರ ಸದ್ದು. ಅವಳು ಹತ್ತಿರ ಬರುವಷ್ಟರಲ್ಲಿ ಒರೆಸಿಬಿಟ್ಟ.

"ಏನದು ಮೇಷ್ಟ್ರೇ? ಉರ್ದು ಅಲ್ವಲ್ಲ."

"ಹೀಬ್ರೂ. ಯೆಹೂದ್ಯರ ಭಾಷೆ. ಚಿಕ್ಕಬಳ್ಳಾಪುರದ ಪಾದ್ರಿಗಳು ಅದರ ಹಾಡುಗಳನ್ನ ಕನ್ನಡಕ್ಕೆ ತರ್ತಿದಾರೆ. ನಾನು ತಿದ್ಕೊಡಬೇಕು. ಮೂಲ ಗೊತ್ತಿಲ್ದೆ ಹೆಂಗೆ ತಿದ್ದೋದು? ಅದಕ್ಕೇ ಅಕ್ಷರದಿಂದ ಕಲೀತಿದೀನಿ."

"ಕಲಿಯೋದನ್ನ ಯಾಕೆ ಒರೆಸಿದ್ರಿ?"

"ತಪ್ಪಾಗಿತ್ತು. ಬೇತ್ ಅನ್ನೋ ಅಕ್ಷರ ಬರೆಯೋಕೆ ಹೋದ್ರೆ ಕಾಫ್ ಅನ್ನೋದು ಆಗುತ್ತೆ. ಎರಡೂ ಒಂದೇ ಥರ." ಅವನು ನಕ್ಕ.

ನಗು ಚೆನ್ನಾಗಿತ್ತು. ಅವಳ ಅನುಮಾನ ಇನ್ನೂ ಹೆಚ್ಚಿತು. ಮೇಷ್ಟ್ರಿಗೆ ಅಕ್ಷರ ತಪ್ಪುತ್ತದೆಯೇ? ಬರೆದು ಬರೆದು ಒರೆಸುವುದು ಮಾಟವಲ್ಲದೆ ಇನ್ನೇನು…

ದಿನವೂ ಕಿಟಕಿಯಿಂದ ಕಾದು ನೋಡಿದಳು. ಅವನು ಬರೆಯದ ದಿನವೂ ನೋಡಿದಳು. ಅದಕ್ಕೆ ಕಾರಣ ಹುಡುಕಲಿಲ್ಲ.

ಒಂದು ಸಂಜೆ ಅವನು ಕೇಳಿದ. "ಹುಳು ಒಂದ್ಸಲ ನೋಡ್ಲಾ?"

"ಹುಳುಮನೆಗೆ ಹೊರಗಿನೋರನ್ನ ಬಿಡಲ್ಲ."

ಅದೇ ವಾರ ಕೆಲವು ಹುಳು ಸೊಪ್ಪು ಬಿಟ್ಟು ಮೆತ್ತಗಾದವು.

"ದಿಕ್ಕಿಲ್ಲದ ಮನೆ ಅಂತ ಆ ಮೇಷ್ಟ್ರು ಮಾಟ ಮಾಡ್ತಿದಾನೆ ಕಣೇ," ಎಂದಳು ಅಕ್ಕಯ್ಯಮ್ಮ.

ಪಕ್ಕದ ಮನೆಯ ಬಯ್ಯಪ್ಪ ಒಂದು ಪೊಟ್ಟಣ ತಂದುಕೊಟ್ಟ. "ದೃಷ್ಟಿಗೆ ಒಳ್ಳೇದಮ್ಮ. ಬಾಗಿಲು ಹಾಕಿ ಧೂಪ ಹಾಕು."

ಅನಸೂಯ ಆ ಪುಡಿಗೆ ಒಣಮೆಣಸಿನಕಾಯಿಯನ್ನೂ ಸೇರಿಸಿ ರಾತ್ರಿ ಹುಳುಮನೆಯಲ್ಲಿ ಕೆಂಡಕ್ಕೆ ಹಾಕಿದಳು. ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆ ತಟ್ಟೆಯಲ್ಲೂ ಹುಳು ಹಸಿರು ನೀರು ಕಕ್ಕಿ ಸತ್ತಿತ್ತು.

ಚಲಪತಿಯ ಪೆಟ್ಟಿಗೆಯನ್ನು ಅವಳೇ ಬೀದಿಗೆ ಎಳೆದಳು.

"ಯಾರ ಮೇಲೆ ಬರೆದ್ರಿ, ಹೇಳಿ."

"ಹೇಳಿದ್ದೆಲ್ಲ ನಿಜಾನೇ. ನಂಬೋದು ನಿಮಗೆ ಬಿಟ್ಟಿದ್ದು." ಪೆಟ್ಟಿಗೆ ಎತ್ತಿಕೊಂಡು ಹೋದ.

ಹುಳುಮನೆ ಗುಡಿಸುವಾಗ ಪೊಟ್ಟಣ ಸಿಕ್ಕಿತು. ತಳದಲ್ಲಿ ಇನ್ನೂ ಸ್ವಲ್ಪ ಪುಡಿಯಿತ್ತು. ಮೂಸಿದಳು.

ಹೊಗೆಸೊಪ್ಪು.

ಹುಳುವಿಗೆ ಅದು ವಿಷವೆಂದು ಹೊಗೆಸೊಪ್ಪು ಜಗಿಯುವ ಕೂಲಿಯವರನ್ನು ಹುಳುಮನೆಯ ಬಾಗಿಲಲ್ಲೇ ತಡೆಯುತ್ತಿದ್ದವಳು ಅವಳು. ಮೆಣಸಿನಕಾಯಿಯ ಘಾಟಿನಲ್ಲಿ ಅದರ ವಾಸನೆ ಗೊತ್ತಾಗಿರಲಿಲ್ಲ. 'ಕೊಂದವಳು ನಾನೇ…'

ಕೈ ತೊಳೆಯದೆ ಬಸ್ ಸ್ಟ್ಯಾಂಡಿಗೆ ಓಡಿದಳು. ಚಿಕ್ಕಬಳ್ಳಾಪುರದ ಬಸ್ಸು ಹೊರಡುವುದರಲ್ಲಿತ್ತು. ಅವನು ಕಿಟಕಿ ಪಕ್ಕ ಕೂತಿದ್ದ.

"ಇಳೀರಿ. ಹುಳು ಸತ್ತಿದ್ದು ನಾನು ಹಾಕಿದ ಹೊಗೆಯಿಂದ. ನಿಮ್ಮನ್ನ ಅನುಮಾನಿಸಿ ಹಾಕ್ದೆ."

ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರು ರೇಗಿದ. "ಇಳೀತೀರಾ, ಇಲ್ವಾ ಸಾರ್?"

ಚಲಪತಿ ಇಳಿದ.

"ಮಾಟಗಾರನಿಗೆ ಮತ್ತೆ ಬಾಡಿಗೆಗೆ ಕೊಡ್ತೀರಾ?"

"ಬಾಡಿಗೆಗೆ ಬೇಡ." ಅವಳು ತಲೆ ತಗ್ಗಿಸಿದಳು. "ಅಮ್ಮನ್ನ ಬಂದು ಕೇಳಿ."

"ಏನಂತ ಕೇಳಲಿ?"

"ಅದನ್ನೂ ಪಾದ್ರಿಗಳೇ ಹೇಳಿಕೊಡಬೇಕಾ?"

ಅವನು ಪೆಟ್ಟಿಗೆಯ ಒಂದು ಹಿಡಿ ಅವಳ ಕಡೆ ಚಾಚಿದ. ಇಬ್ಬರೂ ಹಿಡಿದುಕೊಂಡು ನಡೆದರು.

ಆ ಬೆಳೆಯಲ್ಲಿ ಇಪ್ಪತ್ತೆರಡು ತಟ್ಟೆ ಹುಳು ಹೋಯಿತು. ಒಂದು ರೇಷ್ಮೆಗೂಡೂ ಸಿಗಲಿಲ್ಲ.