ಹ್ಯಾಂಡಲ್ ಹೋಗದ ಬಂಪರ್

ಉದ್ದನೆಯ ಕಬ್ಬಿಣದ ಹ್ಯಾಂಡಲ್ ಹಿಡಿದುಕೊಂಡು ಒಬ್ಬ ಗಂಡಸು ನಮ್ಮ ವೆಲ್ಡಿಂಗ್ ಶಾಪಿನೊಳಗೆ ನುಗ್ಗಿದಾಗ ನಾನು ಗ್ರೈಂಡರ್ ಬಂದ್ ಮಾಡಿ ಎದ್ದು ನಿಂತೆ. ಹೊಡೆಯಲಿಕ್ಕೇ ಬಂದಿದ್ದಾನೆ ಅಂದುಕೊಂಡೆ.

"ಮೇಸ್ತ್ರಿ ಎಲ್ಲದಾನ? ಕರೀರಿ ಅವನ್ನ."

"ನಾನ ಮೇಸ್ತ್ರಿ, ಬಸಲಿಂಗಪ್ಪಾರ ಮಗಳು. ಏನಾತು ಹೇಳ್ರಿ."

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಚೂಡಿದಾರದ ಮೇಲೆ ಅಪ್ಪನ ಖಾಕಿ ಅಂಗಿ, ತಲೆಗೆ ಬಿಗಿದ ಟವೆಲ್, ಮೂಗಿನ ತುದಿಗೆ ಮಸಿ. ಅವನ ಸಿಟ್ಟು ಒಂದು ಗಳಿಗೆ ಎಲ್ಲೋ ಹೋಗಿ, ಮತ್ತೆ ನೆನಪಾಗಿ ವಾಪಸ್ ಬಂತು.

"ನಾ ಮೈಲಾರಲಿಂಗ, ಖಾನಾಪುರದಾಂವ. ಸೋಮವಾರ ನಿಮ್ಮಪ್ಪಾರ ಕಡಿಂದ ಜೀಪ್ ಒಯ್ದೀನಿ. ನಿನ್ನೆ ಕಣಕುಂಬಿ ಹಾದ್ಯಾಗ ಬ್ಯಾಟರಿ ಕೂತ್ತು. ಹ್ಯಾಂಡಲ್ ಹಾಕಿ ತಿರುವೂಣು ಅಂದ್ರ ಬಂಪರಿಗೆ ತೂತ ಇಲ್ಲ! ಒಂಬತ್ತು ಮಂದಿ ಇಳದು ಗಾಡಿ ನೂಕ್ಯಾರ. ಅದರಾಗ ಒಬ್ಬಾಕಿ ಗಂಡನ ಮನಿಗೆ ಹೊಂಟ ಹೊಸಾ ಮದಿಮಗಳು!"

ನಗು ಬಂತು. ನಕ್ಕಿದ್ದರೆ ಅಲ್ಲೇ ಕೊಲೆಯಾಗುತ್ತಿತ್ತು. ತುಟಿ ಕಚ್ಚಿಕೊಂಡು ಹೊರಗೆ ಹೋಗಿ ಜೀಪಿನ ಮುಂದೆ ನಿಂತೆ.

ಅಯ್ಯೋ ಶಿವನೇ! ಎಂಥ ಚೆಂದದ ಬಂಪರ್. ದಪ್ಪ ಪ್ಲೇಟು, ಎರಡೂ ತುದಿಗೆ ಓರೆ ಕಡಿತ, ಕಪ್ಪು ಬಣ್ಣ. ನಡುವೆ ಮಾತ್ರ, ಬ್ಯಾಟರಿ ಕೈಕೊಟ್ಟಾಗ ಎಂಜಿನ್ ತಿರುವಿ ಚಾಲೂ ಮಾಡಲು ಹಳೆಯ ಜೀಪಿಗೆ ಹ್ಯಾಂಡಲ್ ತೂರಿಸುವ ಜಾಗದಲ್ಲಿ, ಗೋಡೆಯಂತೆ ಮುಚ್ಚಿಬಿಟ್ಟಿದ್ದೆ. ಚೆಂದ ಮಾಡುವ ಹುಚ್ಚಿನಲ್ಲಿ ಹಳೇ ಬಂಪರಿನ ತೂತನ್ನು ಕಣ್ಣೆತ್ತಿ ಸಹ ನೋಡದೆ ಗುಜರಿಗೆ ಎಸೆದಿದ್ದೆ.

ಅದು ನಾನೊಬ್ಬಳೇ ಮಾಡಿದ ಮೊದಲ ಬಂಪರ್. ಅಪ್ಪನ ಕಣ್ಣಿಗೆ ಆಪರೇಷನ್ ಆಗಿ, ಇನ್ನು ವೆಲ್ಡಿಂಗ್ ಬೆಳಕು ನೋಡಕೂಡದೆಂದು ಡಾಕ್ಟರು ಹೇಳಿದ ಮೇಲೆ ಮಚ್ಛೆ ಊರಿನ ಈ ಶಾಪ್ ಮಾರುವ ಮಾತು ಎದ್ದಿತ್ತು. ನಾನು ನಡೆಸುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಬಸಲಿಂಗಪ್ಪ ಒಂದೇ ಶರತ್ತು ಹಾಕಿದ್ದ: "ದೀಪಾವಳಿ ತನಕಾ ನಡಸು, ಪದ್ಮಶ್ರೀ. ಒಂದ ಒಂದು ಕೆಲಸ ವಾಪಸ್ ಬಂದ್ರ ಶಾಪ್ ಬಿಟ್ಟು ಮನಿಗೆ ನಡೀಬೇಕು. ಬರಲಿಲ್ಲಂದ್ರ ಕೀಲಿ ನಿಂದ." ದೀಪಾವಳಿಗೆ ಇನ್ನೂ ಎರಡು ವಾರ ಇತ್ತು.

"ತಪ್ಪು ನಂದ ರೀ" ಎಂದೆ. "ಈಗಿಂದೀಗ ಸರಿ ಮಾಡಿ ಕೊಡ್ತೇನಿ. ಆದ್ರ ಒದರಬ್ಯಾಡ್ರಿ. ಅಪ್ಪಗ ಗೊತ್ತಾದ್ರ ನನ್ನ ಶಾಪ್ ಹೋಗತೈತಿ." ಒಂದೇ ಉಸಿರಿನಲ್ಲಿ ಶರತ್ತಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ ಗೇಟಿನ ಹತ್ತಿರ ಅಪ್ಪನ ಲೂನಾ ಸದ್ದು ಕೇಳಿಸಿತು.

ಶಿವಬಸವ ನಗರದ ಮನೆಯಲ್ಲಿ ಊಟ ಮುಗಿಸಿ ಬಂದ ಅಪ್ಪ ಜೀಪ್ ನೋಡಿ ಹುಬ್ಬು ಗಂಟು ಹಾಕಿದ. "ಏನೋ ತಮ್ಮಾ, ಗಾಡಿ ಮತ್ತ ಯಾಕ ಬಂತು? ಏನರ ತಕರಾರು?"

ಮೈಲಾರಲಿಂಗ ನನ್ನ ಕಡೆ ಒಮ್ಮೆ ನೋಡಿದ, ಹ್ಯಾಂಡಲ್ ಬೆನ್ನ ಹಿಂದೆ ಸರಿಸಿದ.

"ತಕರಾರು ಎಲ್ಲೀದ್ರಿ ಕಾಕಾ! ಐತವಾರ ನಮ್ಮೂರಾಗ ಜೀಪ್ ರೇಸ್ ಐತಿ. ದಿಮ್ಮಿ ಜಗ್ಗಬೇಕು. ಮುಂದ ಒಂದು ಗಟ್ಟಿ ಹುಕ್ ಕೂಡ್ಸೂಣು ಅಂತ ಬಂದೆ."

"ಹಂಗಾದ್ರ ನಾವೂ ಬರ್ತೇವಿ ನೋಡಾಕ" ಎಂದು ಅಪ್ಪ ಖುಷಿಯಾಗಿ, ಬೆಳಕು ಕಣ್ಣಿಗೆ ಬೀಳದಂತೆ ಬೆನ್ನು ತಿರುಗಿಸಿ ದೂರ ಕುಳಿತ.

"ರೇಸ್ ಖರೇ ಐತೇನ್ರಿ?" ಪಿಸುಗುಟ್ಟಿದೆ.

"ಐತಿ. ನಾ ಹೆಸರು ಕೊಟ್ಟಿಲ್ಲ. ಈಗ ಕೊಡಬೇಕಾತಲ್ಲ, ನಿಮ್ಮ ಸಲುವಾಗಿ." ಆಗ ಅವನು ಮೊದಲ ಸಲ ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಸಣ್ಣ ಗುಳಿ ಬಿತ್ತು. ಒಂದೇ ಕಡೆ ಯಾಕೆ ಎಂದು ನಾನು ಆ ಮಧ್ಯಾಹ್ನವೆಲ್ಲ ಯೋಚಿಸಿದ್ದೇನೆ.

ಬಂಪರ್ ಬಿಚ್ಚಿದೆವು. ಅವನು ಹ್ಯಾಂಡಲನ್ನು ಎಂಜಿನ್ನಿಗೆ ಕೂಡಿಸಿ ಹಿಡಿದ. ಅದು ಎಲ್ಲಿ ಹಾಯುತ್ತದೆಂದು ಅಳತೆ ತೆಗೆದು ಚಾಕ್‌ಪೀಸಿನಿಂದ ಗುರುತು ಮಾಡಿದೆ. ತೂತು ಕೊರೆದು, ಪ್ಲೇಟಿನ ಗಟ್ಟಿತನ ಹೋಗದಂತೆ ಸುತ್ತ ಪೈಪಿನ ತುಂಡು ಕೂರಿಸಿದೆ. ಆಮೇಲೆ ಕಪ್ಪು ಗಾಜು ಹಿಡಿದು ಬೆಸುಗೆ ಶುರುಮಾಡಿದೆ.

"ಬೆಳಕು ನೋಡಬ್ಯಾಡ್ರಿ, ಕಣ್ಣು ಉರೀತಾವು."

"ನಾ ಬೆಳಕು ನೋಡವಲ್ನಿ" ಎಂದ.

ಮತ್ತೇನು ನೋಡುತ್ತಿದ್ದ ಎಂದು ಕೇಳಲಿಲ್ಲ. ಆದರೆ ಒಂದು ಬೆಸುಗೆ ಸೊಟ್ಟಗಾಯಿತು, ಅದನ್ನು ಕೆರೆದು ಮತ್ತೆ ಹಾಕಬೇಕಾಯಿತು. ಆಮೇಲೆ ಹುಕ್ಕನ್ನೂ ಕೂರಿಸಿ, ಎರಡೂ ಬದಿಗೆ ಆಧಾರದ ಪಟ್ಟಿ ಕೊಟ್ಟು, ಇಡೀ ಬಂಪರನ್ನು ಜೀಪಿನ ಚಾಸಿಸ್‌ಗೆ ಬಿಗಿದೆ.

ಮರುದಿನ ಬೆಳಿಗ್ಗೆ ಅವನು ಬಸ್ಸಿನಲ್ಲಿ ಬಂದ. ಕಣ್ಣುಗಳು ಟೊಮೆಟೊ ಹಣ್ಣು.

"ಮಣ್ಣು ಬಿದ್ದಂಗ ಚುಚ್ಚಾಕತ್ತಾವ್ರಿ, ಮೇಸ್ತ್ರಿ. ಗಾಡಿ ಹೊಡಿಯಾಕ ಆಗವಲ್ದು."

"ಬೆಳಕು ನೋಡಿಲ್ಲ ಅಂದ್ರಲ್ಲ?"

"ನೀವು ಬೆಳಕಿನ ಬಾಜೂಕ ಇದ್ರಿ. ನಾ ಏನ್ ಮಾಡ್ಲಿ?"

ಹುಚ್ಚ! ಬೈಯಬೇಕೆಂದು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ಬೆಂಚಿನ ಮೇಲೆ ಮಲಗಿಸಿ, ವೆಲ್ಡರುಗಳು ಮಾಡಿಕೊಳ್ಳುವ ಹಾಗೆ ಬಟಾಟೆ ಹೆಚ್ಚಿ ಎರಡೂ ಕಣ್ಣಿನ ಮೇಲೆ ಇಟ್ಟೆ. ಅವನಿಗೆ ಕಾಣುತ್ತಿರಲಿಲ್ಲ. ಹಾಗಾಗಿ ನಾನು ನಾಚಿಕೆಯಿಲ್ಲದೆ ಮನಸ್ಸು ತುಂಬ ನೋಡಿದೆ. ಒಂದು ದೊಡ್ಡ ಇರುವೆ ಅವನ ಕಾಲರ್ ಮೇಲೆ ಹತ್ತಿತು, ತೆಗೆದೆ.

"ನಗಾಕತ್ತೀರೇನು?" ಎಂದ.

"ಇಲ್ಲಪ್ಪ" ಎಂದೆ, ನಗುತ್ತಲೇ.

ಭಾನುವಾರ ಖಾನಾಪುರದ ಹೊರಗಿನ ಹಳ್ಳದ ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಮೈಕು ಕೂಗುತ್ತಿತ್ತು. ಕೊನೆಯ ಸುತ್ತು ಸರಳ: ಬಂಪರಿನ ಹುಕ್ಕಿಗೆ ದಿಮ್ಮಿ ಕಟ್ಟಿ, ರಿವರ್ಸ್ ಗೇರಿನಲ್ಲಿ ಕೆಸರಿನ ಏರಿ ಹತ್ತಿಸಬೇಕು. ನಮಗಿಂತ ಮೊದಲಿನ ಜೀಪಿನ ಫಳಫಳ ಸ್ಟೀಲ್ ಬಂಪರ್ ಕಿತ್ತುಕೊಂಡು ದಿಮ್ಮಿಯ ಜೊತೆಗೇ ಹಳ್ಳಕ್ಕೆ ಉರುಳಿತು. ಜನ ಸಿಳ್ಳೆ ಹೊಡೆದರು. ನಾನು ಬಗ್ಗಿ ನಮ್ಮ ಬಂಪರಿನ ಬೆಸುಗೆಗಳನ್ನು ಮತ್ತೊಮ್ಮೆ ಬೆರಳಿನಿಂದ ತಡವಿ ನೋಡಿದೆ.

"ಏರು ಒಳಗ" ಎಂದ ಅಪ್ಪ. ನಮ್ಮ ಶಾಪಿನ ರೂಢಿ ಅದು. ಬೆಸುಗೆ ಹಾಕಿದವರು ಮೊದಲ ಜಗ್ಗಾಟದಲ್ಲಿ ಗಾಡಿಯೊಳಗೇ ಕೂರಬೇಕು. ಕೆಲಸ ಕಚ್ಚಾ ಇದ್ದರೆ ಪೆಟ್ಟು ಅವರಿಗೂ ಬೀಳಲಿ ಅಂತ.

ಮೈಲಾರಲಿಂಗನ ಪಕ್ಕ ಕುಳಿತೆ. ಹಗ್ಗ ಬಿಗಿಯಿತು. ಚಕ್ರಗಳು ಕೆಸರು ಎರಚುತ್ತ ನಿಂತಲ್ಲೇ ತಿರುಗಿದವು. ಮುಂದೆ ಏನೋ ಕರಕ್ ಎಂದಿತು.

"ಬಿಟ್ಟು ಬಿಡ್ಲೇನ್ರಿ? ಬಂಪರ್ ಕಿತ್ರ ನಿಮ್ಮಪ್ಪಾರು ಎದುರಿಗೇ ನಿಂತಾರ. ರೇಸ್ ಹೋದ್ರ ಹೋಗ್ಲಿ, ನಿಮ್ಮ ಶಾಪ್ ಉಳೀಲಿ."

ಅವನ ಕಣ್ಣು ಇನ್ನೂ ಕೆಂಪಗಿದ್ದವು. ಅವನ ಹೆದರಿಕೆ ತನ್ನ ಸಲುವಾಗಿ ಅಲ್ಲ, ನನ್ನ ಸಲುವಾಗಿ. ನನ್ನೊಳಗೆ ಅಡಗಿದ್ದ ಅಂಜಿಕೆಯೆಲ್ಲ ಆಗ ಸಿಟ್ಟಾಯಿತು.

"ನನ್ನ ಬೆಸುಗಿ ಬಿಡೂದಿಲ್ಲ. ಜಗ್ರಿ!"

"ಖರೇ?"

"ಜಗ್ಗೋ ಮಾರಾಯಾ!"

ಜಗ್ಗಿದ. ಗಾಡಿ ನಡುಗಿತು, ಗುರುಗುಟ್ಟಿತು, ಒಂದು ಗೇಣು ಹಿಂದೆ ಸರಿಯಿತು. ಇನ್ನೊಂದು ಗೇಣು. ಆಮೇಲೆ ದಿಮ್ಮಿ ಕೆಸರಿನಿಂದ ಎದ್ದು ಬಂಪರಿನ ಜೊತೆಗೇ ಮೇಲೆ ಬಂತು. ಏರಿಯ ಮೇಲೆ ಜೀಪ್ ನಿಂತಾಗ ಮಂದಿ ಕೂಗಿದ ಕೂಗಿಗೆ ಮೈಕಿನ ದನಿ ಮುಳುಗಿಹೋಯಿತು. ಇಳಿದು ಓಡಿ ನೋಡಿದೆ. ಬೆಸುಗೆಯಲ್ಲಿ ಕೂದಲಷ್ಟೂ ಬಿರುಕಿರಲಿಲ್ಲ. ಕರಕ್ ಎಂದಿದ್ದು ದಿಮ್ಮಿಯ ತೊಗಟೆ!

ಅಪ್ಪ ಬಂದ. ಬಂಪರಿನ ಮೇಲೆ ಕೈ ಆಡಿಸಿದ. ದೀಪಾವಳಿ ತನಕ ಕಾಯಲಿಲ್ಲ, ಶಾಪಿನ ಕೀಲಿ ತೆಗೆದು ನನ್ನ ಮುಂದೆ ಹಿಡಿದ. ಕೈ ಚಾಚಿದೆ, ಅರ್ಧಕ್ಕೇ ನಿಲ್ಲಿಸಿದೆ.

"ಅಪ್ಪಾ, ಈ ಕೆಲಸ ವಾಪಸ್ ಬಂದಿತ್ತು. ಹ್ಯಾಂಡಲ್ ಹಾಕೂ ತೂತ ಮುಚ್ಚಿಬಿಟ್ಟಿದ್ದೆ. ಇವರು ನನ್ನ ಸಲುವಾಗಿ ನಿನ್ನ ಮುಂದ ಸುಳ್ಳು ಹೇಳ್ಯಾರ."

ಅಪ್ಪ ತೂತು ನೋಡಿದ, ನನ್ನನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ನನ್ನ ಕೆಲಸ ಎಷ್ಟು ವಾಪಸ್ ಬಂದಾವಂತ ಯಾರನರ ಕೇಳು ಮಚ್ಛೆದಾಗ!"

"ಮತ್ತ ನನಗ ಯಾಕ ಆ ಶರತ್ತು?"

ಅವನ ನಗು ನಿಂತಿತು. "ನನ್ನ ಕಣ್ಣು ಕೆಟ್ಟಂಗ ನಿನ್ವೂ ಕೆಡತಾವಂತ ಅಂಜಿಕಿ, ಪದ್ದೀ. ನಿನ್ನ ಬಿಡಸಾಕ ಒಂದು ನೆವ ಹುಡುಕಿದ್ದೆ." ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ನಾನು ಅಲ್ಲೇ ಅತ್ತುಬಿಟ್ಟೆ, ಯಾರು ನೋಡಿದರೇನು!

ಮೈಲಾರಲಿಂಗ ಮುಂದೆ ಬಂದ. "ಕಾಕಾ, ಇವರು ಖರೇ ಹೇಳಿದ್ರು. ನಂದೂ ಒಂದು ಹೇಳೂದೈತಿ. ನಮ್ಮಪ್ಪ ಕುರಿ ಕಾಯಾಂವ, ನಾ ಜೀಪ್ ಹೊಡ್ಯಾಂವ. ನಿಮ್ಮ ಮಗಳು ಅಂದ್ರ ನನಗ ಜೀವ. ಮದಿವ್ಯಾದ್ರ ಇವರನ್ನ ಆಗಾಂವ."

"ನನ್ನ ಕೇಳಿದ್ರೇನು?" ಎಂದೆ, ಕಣ್ಣೊರೆಸಿಕೊಳ್ಳುತ್ತ.

"ಕೇಳಾಕತ್ತೀನಲ್ಲ."

"ಶಾಪ್ ಬಿಡೂದಿಲ್ಲ ನಾ."

"ಬಿಟ್ರ ನನ್ನ ಗಾಡಿ ಯಾರು ನೋಡಬೇಕು?"

"ಹಂಗಾದ್ರ ಹೂಂ" ಎಂದೆ. ಎಡಗೆನ್ನೆಯ ಗುಳಿ ಅಷ್ಟು ಆಳಕ್ಕೆ ಹೋಗಬಲ್ಲದೆಂದು ಅಂದೇ ಗೊತ್ತಾಗಿದ್ದು.

ವಾಪಸ್ ಬರುವಾಗ ಜೀಪ್ ಓಡಿಸಿದವಳು ನಾನು. ಪಕ್ಕದಲ್ಲಿ ಅವನು, ಹಿಂದಿನ ಸೀಟಿನಲ್ಲಿ ಗೆದ್ದ ಕಪ್ ತೊಡೆಯ ಮೇಲಿಟ್ಟುಕೊಂಡ ಅಪ್ಪ. ಅಪ್ಪನಿಗೆ ಈಗ ಹೊಸ ಚಿಂತೆ. "ಕುರಿ ಕಾಯಾವರ ಮನಿಗೆ ಮಗಳನ್ನ ಕೊಡ್ತೇನಂದ್ರ ನಿಮ್ಮವ್ವ ಸಂಗವ್ವ ಒದರಿ ಮನಿ ಮಾಳಿಗಿ ಹಾರಸ್ತಾಳ. ಆಕಿಗೆ ಏನಂತ ಹೇಳೂದು?"

"ಖರೇ ಹೇಳೂಣು ಅಪ್ಪಾ" ಎಂದು ಗೇರ್ ಬದಲಿಸಿದೆ. "ಇವತ್ತ ಖರೇ ಹೇಳೇ ಶಾಪೂ ಗೆದ್ದೀನಿ, ಇವರನ್ನೂ ಗೆದ್ದೀನಿ ನಾ."